ತೊಂಬತ್ತು ಡಿಗ್ರಿಯ ಗೆರೆ

ಗಣಿಗೆ ಹೊಸದಾಗಿ ಸೇರಿದವರೆಲ್ಲ ಮೊದಲ ದಿನ ಒಂದೇ ಕೆಲಸ ಮಾಡುತ್ತಾರೆ. ಜನರನ್ನು ಇಳಿಸುವ ಕೇಜ್ ಎಂಬ ಲಿಫ್ಟು ಕೆಳಗೆ ಮುಟ್ಟಿ, ಕಾಲು ನೆಲಕ್ಕೆ ತಾಗಿದ ಕೂಡಲೇ ಜೇಬಿನಿಂದ ಫೋನ್ ತೆಗೆದು ತಾವು ಎಲ್ಲಿದ್ದೇವೆಂದು ನೋಡುತ್ತಾರೆ. ನಕ್ಷೆಯ ಮೇಲಿನ ನೀಲಿ ಚುಕ್ಕೆ ಮಾತ್ರ ಮೇಲೆ ಸೈಕಲ್ ಸ್ಟ್ಯಾಂಡಿನ ಪಕ್ಕದಲ್ಲೇ ನಿಂತಿರುತ್ತದೆ. ಉಪಗ್ರಹಕ್ಕೆ ಆಕಾಶ ಬೇಕು. ಮುನ್ನೂರು ಮೀಟರ್ ಕಲ್ಲಿನ ಕೆಳಗೆ ಆಕಾಶವನ್ನು ಎಲ್ಲಿಂದ ತರುವುದು?

"ನಿನ್ನ ಜೀವ ಇನ್ನೂ ಸೈಕಲ್ ಸ್ಟ್ಯಾಂಡಲ್ಲೇ ಇದೆಯಪ್ಪ, ದೇಹ ಒಂದೇ ಇಳಿದಿದೆ," ಎಂದು ಹಳಬರು ನಗುತ್ತಾರೆ. ನಕ್ಕು ಮುಗಿದ ಮೇಲೆ ಹೆಲ್ಮೆಟ್ಟಿನ ದೀಪವನ್ನು ಚಾವಣಿಯತ್ತ ಎತ್ತಿ ತೋರಿಸುತ್ತಾರೆ. ಅಲ್ಲಿ ಅಂಗೈ ಅಗಲದ ಬಿಳಿ ಬಣ್ಣದ ಗೆರೆ, ಕತ್ತಲೆಯೊಳಕ್ಕೆ ನೆಟ್ಟಗೆ ಹೋಗಿರುತ್ತದೆ. "ಅದನ್ನ ನೋಡ್ಕೊಂಡು ನಡಿ. ಗೆರೆಯಕ್ಕ ಎಳೆದದ್ದು."

ಗೆರೆಯಕ್ಕನಿಗೆ ಆಗ ಐವತ್ತೇಳು. ಗಣಿಯ ಅಳತೆಯ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ. ಅವಳಿಗೂ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಹಾಜರಿ ಪುಸ್ತಕದಲ್ಲಿ ಅದು ಹಾಯಾಗಿ ಮಲಗಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ.

ನೆಲದಡಿಯಲ್ಲಿ ದಿಕ್ಕು ಕಂಡುಕೊಳ್ಳುವುದು ಕುರುಡ ಗೋಡೆ ಹಿಡಿದು ನಡೆದಂತೆ. ಶಾಫ್ಟ್ ಎಂದು ಕರೆಯುವ ಆಳದ ಬಾವಿಯಲ್ಲಿ ಎರಡು ತಂತಿಗಳಿಗೆ ಭಾರ ಕಟ್ಟಿ ಇಳಿಬಿಡುತ್ತಾರೆ. ಅವು ತೂಗಾಡದಿರಲೆಂದು ಕೆಳಗೆ ಎಣ್ಣೆಯ ಬಕೆಟ್ಟಿನಲ್ಲಿ ಭಾರವನ್ನು ಮುಳುಗಿಸುತ್ತಾರೆ. ಮೇಲೆ ಬಿಸಿಲಿನಲ್ಲಿ ಆ ತಂತಿಗಳು ಯಾವ ದಿಕ್ಕಿಗಿವೆಯೋ ಕೆಳಗೆ ಕತ್ತಲೆಯಲ್ಲೂ ಅದೇ ದಿಕ್ಕಿಗಿರುತ್ತವೆ. ಅಲ್ಲಿಂದ ಮುಂದಕ್ಕೆ ಚಾವಣಿಗೆ ಹಿತ್ತಾಳೆಯ ಮೊಳೆ ಹೊಡೆಯುತ್ತ, ಮೊಳೆಯಿಂದ ಮೊಳೆಗೆ ದೂರವನ್ನೂ ದಿಕ್ಕನ್ನೂ ಅಳೆಯುತ್ತ ಹೋಗಬೇಕು. ಒಂದು ಮೊಳೆಯ ತಪ್ಪು ಮುಂದಿನ ಎಲ್ಲ ಮೊಳೆಗಳ ತಪ್ಪು. ಅಗಲವಾದ ಸುರಂಗಗಳಲ್ಲಿ ಇದಕ್ಕೆ ಮೂರು ಕಾಲಿನ ದೊಡ್ಡ ಯಂತ್ರವಿತ್ತು. ಅದು ರಿಪೇರಿಗೆಂದು ಹೋಗಿ ಎಂಟು ತಿಂಗಳಾಗಿತ್ತು. ಬರುತ್ತದೆ, ಬರುತ್ತದೆ ಎಂಬ ಮಾತು ಮಾತ್ರ ವಾರಕ್ಕೊಮ್ಮೆ ಬರುತ್ತಿತ್ತು. ಅಲ್ಲಿಯವರೆಗೆ ಕಣ್ಣಿಗೆ ಹಿಡಿದು ನೋಡುವ ಅಂಗೈಯಷ್ಟರ ದಿಕ್ಸೂಚಿಯೇ ಗತಿ.

ಪೂರ್ವದ ಸುರಂಗವನ್ನು ಆ ದಿಕ್ಸೂಚಿಯ ಮೇಲೆಯೇ ಕೊರೆಯುತ್ತಿದ್ದರು. ಬಾಯಿಯ ಹತ್ತಿರದ ಮೊದಲ ಎರಡು ಮೊಳೆ ಮಾತ್ರ ದೊಡ್ಡ ಯಂತ್ರದವು. ನೆಟ್ಟಗೆ ಪೂರ್ವಕ್ಕೆ, ತೊಂಬತ್ತು ಡಿಗ್ರಿಗೆ ಹೋಗಬೇಕು, ಕೂದಲಷ್ಟೂ ಎಡಕ್ಕೆ ತಿರುಗಬಾರದು. ಏಕೆಂದರೆ ಎಡಕ್ಕೆ ಮೂವತ್ತು ಮೀಟರ್ ಆಚೆ ಅರವತ್ತು ವರ್ಷಗಳ ಹಿಂದೆ ಅಗೆದು ಕೈಬಿಟ್ಟ ಹಳೆಯ ಸುರಂಗ, ಅಂದರೆ ತೋಡು, ಇತ್ತು. ಪಂಪುಗಳು ನಿಂತ ದಿನದಿಂದ ಅದರಲ್ಲಿ ನೀರು ತುಂಬುತ್ತಲೇ ಬಂದಿತ್ತು. ಪಕ್ಕದಲ್ಲಿ ಕೆರೆಯೊಂದನ್ನು ನಿಲ್ಲಿಸಿಕೊಂಡು ಗೋಡೆಯ ಈಚೆ ಆರು ಜನ ಕಲ್ಲು ಕೊರೆಯುತ್ತಿದ್ದರು. ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಹೇಳಬೇಕಾದವಳು ಗೆರೆಯಕ್ಕ.

ಕಬ್ಬಿಣವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ದಿಕ್ಸೂಚಿಯ ಮುಳ್ಳು ಕಬ್ಬಿಣ ಹತ್ತಿರ ಬಂದರೆ ಉತ್ತರವನ್ನು ಮರೆತುಬಿಡುತ್ತದೆ. ಅಳತೆಯ ಹೊತ್ತಿಗೆ ಡ್ರಿಲ್ಲು, ಗಾಡಿ, ಸಲಾಕೆ ಎಲ್ಲ ಐವತ್ತು ಹೆಜ್ಜೆ ಹಿಂದೆ ಹೋಗಬೇಕು. ಬೆಳಿಗ್ಗೆ ಕೇಜಿನ ಮುಂದೆ ಮನೆಯ ಕೀಲಿಕೈ, ಸೇಫ್ಟಿ ಪಿನ್, ತಲೆಯ ಪಿನ್ನುಗಳನ್ನೆಲ್ಲ ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಎರಡು ಸಾಲಿನ ಒಂದು ಪ್ರಾರ್ಥನೆ. ಬೇರೇನನ್ನೂ ಬೇಡುವ ಪ್ರಾರ್ಥನೆಯಲ್ಲ ಅದು. ಇಳಿದವರನ್ನೆಲ್ಲ ಎಣಿಸಿ ಮೇಲೆ ತಾ ಎಂಬಷ್ಟೇ.

"ಹಲ್ಲಿಗೆ ತಂತಿ ಕಟ್ಟಿಸ್ಕೊಂಡಿದೀನಿ ಅಕ್ಕ, ಅದನ್ನೂ ಕೀಳಲಾ?" ಎಂದು ಟೇಪಿನವ ಕೇಳುತ್ತಿದ್ದ. ಟೇಪಿನ ಇನ್ನೊಂದು ತುದಿ ಹಿಡಿಯುವವನು ಅವನು. ಹದಿನಾರು ವರ್ಷದಿಂದ ಜೊತೆಗಿದ್ದವನು, ಐವತ್ತು ದಾಟಿದವನು, ಕೆಲಸಕ್ಕಿಂತ ಬಾಯಿ ಒಂದು ಹೆಜ್ಜೆ ಮುಂದೆ.

"ನಾಲಿಗೆ ಕೀಳು ಸಾಕು," ಎನ್ನುತ್ತಿದ್ದಳು ಗೆರೆಯಕ್ಕ.

ಎಂಟು ತಿಂಗಳ ಹಿಂದೆ ಅವಳಿಗೆ ಕನ್ನಡಕ ಬಂತು. ದಿಕ್ಸೂಚಿಯ ಸಣ್ಣ ಅಂಕಿಗಳು ಇರುವೆಗಳಂತೆ ಹರಿದಾಡಲು ತೊಡಗಿದ್ದವು. ಅಂಗಡಿಗೆ ಗಂಡನೂ ಬಂದಿದ್ದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಮನುಷ್ಯ ಅಷ್ಟು ದೂರ ನಡೆದು ಬಂದದ್ದೇ ದೊಡ್ಡದು. "ಪ್ಲಾಸ್ಟಿಕ್ ಬೇಡ, ತೆವಳೋ ಜಾಗದಲ್ಲಿ ಮುರಿದುಕೊಳ್ತೀಯ. ಗಟ್ಟಿ ಇರೋದು ಕೊಡಿ," ಎಂದು ಅವನೇ ಆರಿಸಿದ. ತೆಳ್ಳನೆಯ ಕಪ್ಪು ಫ್ರೇಮು. ಅದು ಉಕ್ಕಿನದೆಂದು ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಆದರೆ ಮುಖಕ್ಕೆ ಹಾಕಿಕೊಂಡದ್ದನ್ನು ಯಾರು ಸಾಮಾನಿನ ಲೆಕ್ಕಕ್ಕೆ ಸೇರಿಸುತ್ತಾರೆ? ಕಣ್ಣು ಎಂದಮೇಲೆ ಕಣ್ಣು.

ಇದಾದರೂ ಗಮನಕ್ಕೆ ಬಾರದೆ ಆದ ತಪ್ಪು. ಇನ್ನೊಂದು ತಪ್ಪು ಅರಿತು ಮಾಡಿದ್ದು.

ನಿಯಮ ಸರಳ. ಹಿಂದಿನ ಮೊಳೆಯ ಕೆಳಗೆ ನಿಂತು ಮುಂದಿನ ಮೊಳೆಯ ಕೆಳಗಿಟ್ಟ ದೀಪವನ್ನು ನೋಡಿ ದಿಕ್ಕು ಬರೆಯಬೇಕು, ಅದು ಮುನ್ನೋಟ. ಆಮೇಲೆ ಮುಂದಿನ ಮೊಳೆಗೆ ಹೋಗಿ, ತಿರುಗಿ ನಿಂತು, ಹಿಂದಿನ ದೀಪವನ್ನು ನೋಡಿ ಬರೆಯಬೇಕು, ಅದು ಹಿನ್ನೋಟ. ಎರಡರ ನಡುವೆ ಸರಿಯಾಗಿ ನೂರ ಎಂಬತ್ತು ಡಿಗ್ರಿ ಇರಬೇಕು. ಅರ್ಧ ಡಿಗ್ರಿ ಆಚೀಚೆಯಾದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಏನೋ ಕೆಟ್ಟಿದೆ ಎಂದು ಅರ್ಥ, ಎಲ್ಲವನ್ನೂ ಮತ್ತೆ ಅಳೆಯಬೇಕು.

ಆದರೆ ಹೊಸ ಮೊಳೆ ಇರುವುದು ಸುರಂಗದ ತುದಿಯಲ್ಲಿ, ಆಗತಾನೇ ಸಿಡಿಸಿ ಕೆಡವಿದ ಕಲ್ಲುರಾಶಿಯ ಆಚೆ. ಟೇಪಿನವ ಉಡದಂತೆ ತೆವಳಿ ದಾಟುತ್ತಿದ್ದ. ಗೆರೆಯಕ್ಕನ ಮೊಣಕಾಲುಗಳು ಎರಡು ವರ್ಷದಿಂದ ಮುಷ್ಕರ ಹೂಡಿದ್ದವು. ರಾತ್ರಿಯೆಲ್ಲ ಕೆಮ್ಮುವ ಗಂಡನ ಬೆನ್ನು ನೀವಿ, ಬೆಳಿಗ್ಗೆ ಐದಕ್ಕೆ ಎದ್ದು, ಇಲ್ಲಿ ಬಂದು ಕಲ್ಲಿನ ಮೇಲೆ ನಾಲ್ಕು ಕಾಲಿನಲ್ಲಿ ಹತ್ತುವುದು ಈ ಸುರಂಗದಲ್ಲಿ ದಿಕ್ಸೂಚಿ ಹಿಡಿದ ಮೊದಲ ದಿನವೇ ಅವಳಿಂದ ಆಗಲಿಲ್ಲ. ಆ ದಿನ ಇದ್ದಲ್ಲೇ ಕುಳಿತು ಮುನ್ನೋಟಕ್ಕೆ ನೂರ ಎಂಬತ್ತು ಕೂಡಿಸಿ ಬರೆದಳು. ನಾಳೆ ನೋಡಿದರಾಯಿತು ಅಂದುಕೊಂಡಳು. ಕೆಟ್ಟ ಅಭ್ಯಾಸಗಳೆಲ್ಲ ನಾಳೆಯ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಮುಂದೆ ಅದರಲ್ಲಿ ಕೈ ಪಳಗಿತು. ಸರಿಯಾಗಿ ನೂರ ಎಂಬತ್ತೇ ಬಂದರೆ ನೋಡಿದವರಿಗೆ ಅನುಮಾನ. ಅದಕ್ಕೆ ಒಮ್ಮೆ ಕಾಲು ಡಿಗ್ರಿ ಹೆಚ್ಚು, ಒಮ್ಮೆ ಅರ್ಧ ಕಡಿಮೆ ಬರೆಯುತ್ತಿದ್ದಳು. ನಿಜವಾದ ಅಳತೆಯಲ್ಲಿ ಇರುವಷ್ಟೇ ಒಡಕು ಸುಳ್ಳಿನಲ್ಲೂ ಇರುತ್ತಿತ್ತು.

ಟೇಪಿನವನಿಗೆ ಎಲ್ಲ ಗೊತ್ತಿತ್ತು. "ನೀವು ಬರ್ಕೊಳ್ಳಿ ಅಕ್ಕ, ನಾನೇನು ಕಂಡಿಲ್ಲ," ಎಂದು ಬೆನ್ನು ತಿರುಗಿಸಿ ಟೇಪು ಸುತ್ತುತ್ತಿದ್ದ. ಅವಳಿಗಾಗಿ ಮಾಡಿದ ಉಪಕಾರವೆಂದೇ ಅವನ ಭಾವನೆ.

ಆ ಬುಧವಾರ ಬೆಳಿಗ್ಗೆ ಪೂರ್ವದ ಸುರಂಗ ಇನ್ನೂರ ನಲವತ್ತಾರು ಮೀಟರ್ ಮುಟ್ಟಿತ್ತು. ಕೊರೆಯುವವರ ಗುಂಪು ಸಾಮಾನು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟಿತು. ಗುಂಪಿನ ಮೇಸ್ತ್ರಿ ಅವಳ ಗಂಡನ ಕೈಕೆಳಗೆ ಡ್ರಿಲ್ಲು ಹಿಡಿಯಲು ಕಲಿತವನು. ಅವನನ್ನು ಭಾವ ಎನ್ನುತ್ತಿದ್ದ, ಇವಳನ್ನು ಅಕ್ಕ.

"ಎಡಗಡೆ ಕಲ್ಲು ಬೆವರ್ತಿದೆ ಅಕ್ಕ. ನಮ್ಮ ಹಾಗೇ ಅದಕ್ಕೂ ಸೆಕೆ," ಎಂದ.

ಗೆರೆಯಕ್ಕ ಕಲ್ಲಿಗೆ ಅಂಗೈ ಇಟ್ಟಳು. ತಣ್ಣಗಿತ್ತು. ಸುರಂಗದಲ್ಲಿ ತೇವ ಹೊಸದಲ್ಲ. "ಮೂವತ್ತು ಮೀಟರ್ ಇದೆಯಪ್ಪ," ಎಂದಳು.

"ನೀವಂದ ಮೇಲೆ ಮುಗೀತು," ಎಂದು ಅವನು ಗುಂಪಿನೊಂದಿಗೆ ಚಹಾ ಕುಡಿಯಲು ಹಿಂದೆ ಹೋದ.

ಟೇಪಿನವ ರಾಶಿ ದಾಟಿ, ಮೊಳೆ ಹೊಡೆದು, ಅದರ ನೇರಕ್ಕೆ ದೀಪವನ್ನಿಟ್ಟು ತೆವಳಿಕೊಂಡು ಹಿಂದೆ ಬಂದ. ಗೆರೆಯಕ್ಕ ದಿಕ್ಸೂಚಿಯನ್ನು ಕಣ್ಣಿಗೆ ಹಿಡಿದಳು. ತೊಂಬತ್ತು. ಎರಡನೆಯ ಸಲ ನೋಡುವಷ್ಟರಲ್ಲಿ ಕನ್ನಡಕದ ಮೇಲೆ ಹಬೆ ಕೂತಿತು. ಸೆರಗಿನಿಂದ ಒರೆಸಿದಳು, ಮತ್ತೆ ಕೂತಿತು. ಮತ್ತೆ ಒರೆಸಲು ಅವಳಿಗೆ ಬೇಸರ ಬಂತು.

"ತಗೋ, ನೀನೇ ನೋಡಿ ಹೇಳು. ನಾನು ಬರ್ಕೋತೀನಿ."

ಟೇಪಿನವ ಒಂದು ಕಣ್ಣು ಮುಚ್ಚಿ ನೋಡಿದ. "ಎಂಬತ್ತೇಳು."

"ಸರಿಯಾಗಿ ನೋಡು."

"ಎಂಬತ್ತೇಳೇ."

"ಕಣ್ಣಿಗೆ ಪೊರೆ ಬಂದಿದೆ ನಿನಗೆ."

"ಪೊರೆ ಬಂದ್ರೆ ಮಂಜು ಕಾಣುತ್ತೆ ಅಕ್ಕ, ಎಂಬತ್ತೇಳು ಕಾಣಲ್ಲ. ಬೇಕಾದ್ರೆ ಎಂಟು ಯಾವುದು, ಏಳು ಯಾವುದು ಅಂತ ಕೇಳಿ."

ಗೆರೆಯಕ್ಕ ದಿಕ್ಸೂಚಿಯನ್ನು ಕಿತ್ತುಕೊಂಡು ನೋಡಿದಳು. ತೊಂಬತ್ತು. ಅವನ ಕೈಗೆ ಕೊಟ್ಟಳು. ಎಂಬತ್ತೇಳು. ಅವನ ಸೊಂಟದ ಪಟ್ಟಿ, ಜೇಬು, ಬೂಟು ಎಲ್ಲ ತಡಕಿದಳು. ಏನೂ ಇರಲಿಲ್ಲ. ಆಮೇಲೆ ಕನ್ನಡಕವನ್ನು ಕಳಚಿ, ಅವನ ಕೈಯಲ್ಲಿದ್ದ ದಿಕ್ಸೂಚಿಯ ಹತ್ತಿರ ತಂದಳು. ಕರುವಿನ ಸದ್ದಿಗೆ ಹಸು ಕುತ್ತಿಗೆ ತಿರುಗಿಸಿದಂತೆ ಮುಳ್ಳು ಮೆಲ್ಲಗೆ ಅದರ ಕಡೆಗೆ ತಿರುಗಿತು. ದೂರ ಒಯ್ದಾಗ ತನ್ನ ಜಾಗಕ್ಕೆ ಹೋಯಿತು. ಮತ್ತೆ ತಂದಳು. ಮತ್ತೆ ತಿರುಗಿತು.

"ಊರಿಗೆಲ್ಲ ಪಿನ್ನು ಬಿಚ್ಚಿಸಿ…" ಎಂದು ಶುರು ಮಾಡಿದ ಟೇಪಿನವ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ. ದೀಪದ ಬುಡದಲ್ಲೇ ಕತ್ತಲೆ ಎಂಬುದು ನೆಲದಡಿಯಲ್ಲಿ ಬಾಳುವವರಿಗೆ ಬರೀ ಗಾದೆಯಲ್ಲ.

ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂರ ನಲವತ್ತಾರು ಮೀಟರ್, ಮೂರು ಡಿಗ್ರಿ ಎಡಕ್ಕೆ. ತುದಿಯಲ್ಲಿ ಹದಿಮೂರು ಮೀಟರಿನ ಹತ್ತಿರ ಹತ್ತಿರ. ಮೂವತ್ತು ಎಂದು ನಂಬಿದ್ದ ಗೋಡೆ ಹದಿನೇಳು. ಅದೂ ಹಳೆಯ ತೋಡಿನ ನಕ್ಷೆ ಸರಿಯಿದ್ದರೆ. ಅದನ್ನು ಬರೆದವನು ಎಷ್ಟು ದಣಿದಿದ್ದನೋ, ಯಾರಿಗೆ ಗೊತ್ತು.

ಶಿಫ್ಟು ಮುಗಿಯುವ ಮೊದಲೇ ಅವಳು ಮೇಲೆ ಬಂದು ಮ್ಯಾನೇಜರರ ಕೋಣೆಗೆ ಹೋದಳು. ಫ್ಯಾನು ತಿರುಗುತ್ತಿತ್ತು, ಕಾಗದಗಳ ಮೇಲೆ ಒಂದೊಂದು ಕಲ್ಲು. ಮ್ಯಾನೇಜರ್ ಕೆಟ್ಟವರಲ್ಲ, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಹದಿನೈದು ವರ್ಷ ನಿಂತು ಸವೆದವರು. ಅವಳು ಕನ್ನಡಕವನ್ನೂ ದಿಕ್ಸೂಚಿಯನ್ನೂ ಮೇಜಿನ ಮೇಲಿಟ್ಟು ತೋರಿಸಿದಳು. ಅವರು ಎರಡು ಸಲ ಮಾಡಿ ನೋಡಿದರು, ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ ಅಳತೆಯ ಪುಸ್ತಕವನ್ನು ಎಳೆದುಕೊಂಡು ಪುಟ ತಿರುವಿದರು. ತಿರುವುತ್ತ ತಿರುವುತ್ತ ಅವರ ಮುಖ ಹಗುರಾಯಿತು.

"ನೀವು ಸುಮ್ನೆ ಹೆದರಿದೀರ ಅಕ್ಕ. ಕನ್ನಡಕ ಎಳೆದಿದ್ರೆ ಹಿನ್ನೋಟದಲ್ಲಿ ಸಿಕ್ಕಿ ಬೀಳಬೇಕಿತ್ತಲ್ಲ. ಮುಂದೆ ನೋಡ್ದಾಗ ಈ ಕಡೆ ಎಳೆದ್ರೆ, ತಿರುಗಿ ನೋಡ್ದಾಗ ಆ ಕಡೆ ಎಳೀಬೇಕು. ಆರು ಡಿಗ್ರಿ ಒಡಕು ಬರಬೇಕು. ಇಲ್ಲಿ ಎಲ್ಲೂ ಅರ್ಧಕ್ಕಿಂತ ಹೆಚ್ಚಿಲ್ಲ." ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದರು. "ನಲವತ್ತೊಂದು ಸಲ ನೋಡಿದೀರ, ನಲವತ್ತೊಂದು ಸಲಾನೂ ಸರಿ. ನಿಮ್ಮ ಪುಸ್ತಕಾನೇ ನಿಮ್ಮ ಪರ ಸಾಕ್ಷಿ ಹೇಳ್ತಿದೆ."

ಆ ಅಂಕಿಗಳು ಗೆರೆಯಕ್ಕನ ಅಕ್ಷರದಲ್ಲೇ ಸಾಲಾಗಿ ನಿಂತಿದ್ದವು, ಸ್ನಾನ ಮಾಡಿಸಿ ತಲೆ ಬಾಚಿದ ಮಕ್ಕಳ ಹಾಗೆ.

"ಆದ್ರೂ ಸಾರ್, ಕೆಲಸ ನಿಲ್ಸಿ ಒಂದ್ಸಲ…"

"ಸೋಮವಾರ ದೊಡ್ಡ ಯಂತ್ರ ಬರುತ್ತೆ, ಖಂಡಿತ. ಅಲ್ಲೀವರೆಗೆ ಹೆಚ್ಚೆಂದ್ರೆ ಆರು ಮೀಟರ್ ಹೋಗ್ತಾರೆ. ಈಗ ನಿಲ್ಸಿದ್ರೆ ನಾನು ಮೇಲೆ ಏನಂತ ಬರೀಲಿ? ಪುಸ್ತಕ ಸರಿ ಇದೆ, ಆದ್ರೂ ಅಕ್ಕನಿಗೆ ಅನುಮಾನ ಅಂತ ಬರೀಲಾ? ಕೆಳಗೆ ಯಾರಿಗೂ ಹೇಳಬೇಡಿ, ಸುಮ್ನೆ ಗಾಬರಿ ಆಗ್ತಾರೆ. ಮನೆಗೆ ಹೋಗಿ ಮಲಗಿ. ಮುಖ ನೋಡಿ ಹೇಗಾಗಿದೆ."

ಹೇಳಬೇಕಾದ ಮಾತು ಒಂದೇ ಒಂದು. ಇಪ್ಪತ್ತೊಂಬತ್ತು ವರ್ಷಗಳು ಅದಕ್ಕೆ ಅಡ್ಡ ನಿಂತವು. ಅವಳು ಪುಸ್ತಕವನ್ನು ಮುಚ್ಚಿ, ಎದೆಗೆ ಅವಚಿಕೊಂಡು ಹೊರಗೆ ಬಂದಳು.

ಮನೆಯಲ್ಲಿ ಗಂಡ ಕಿಟಕಿಯ ಪಕ್ಕದ ಮಂಚದಲ್ಲಿ ಮೂರು ದಿಂಬಿಗೆ ಒರಗಿ ಕುಳಿತಿದ್ದ. ಇಪ್ಪತ್ತೆರಡು ವರ್ಷ ಕಲ್ಲಿನ ಧೂಳು ಕುಡಿದ ಎದೆ. ಮಾತು ಕಂತು ಕಂತಾಗಿ ಬರುತ್ತಿತ್ತು. ಸಂಜೆಯ ಬೆಳಕು ಇನ್ನೂ ಇತ್ತು. ಅವಳು ಬಿಸಿನೀರು ಕೊಟ್ಟಳು, ಮಾತ್ರೆ ಕೊಟ್ಟಳು, ದಿಂಬು ಸರಿ ಮಾಡಿದಳು. ಸರಿಯಾಗಿದ್ದ ದಿಂಬನ್ನು ಮತ್ತೊಮ್ಮೆ ಸರಿ ಮಾಡಿದಾಗ ಅವನು ಅವಳ ಮಣಿಕಟ್ಟು ಹಿಡಿದ.

"ಏನಾಯ್ತು ಕಣೇ?"

"ಏನಿಲ್ಲ. ಕಾಲು ನೋವು."

"ಕಾಲು ನೋವಾದ್ರೆ ಕಾಲು ಹಿಡ್ಕೋತೀಯ. ಇವತ್ತು ಬಂದಾಗಿಂದ ಆ ಪುಸ್ತಕ ಹಿಡ್ಕೊಂಡಿದೀಯ."

ಅವಳು ಹೇಳಿದಳು. ಮೊದಲು ಹಿನ್ನೋಟದ ಸುಳ್ಳನ್ನು ಹೇಳಿದಳು, ಅದೇ ದೊಡ್ಡದಾದ್ದರಿಂದ. ಮುಳ್ಳು ತಪ್ಪಿದ್ದನ್ನೂ ಹೇಳಿದಳು, ಏಕೆ ತಪ್ಪಿತೆಂದು ಹೇಳಲಿಲ್ಲ. ಯಾವುದೋ ಕಬ್ಬಿಣ ಅಂದಳು. ಗಂಡ ಅವಳ ಮುಖದ ಮೇಲಿನ ಕನ್ನಡಕವನ್ನೇ ನೋಡಿದ. ಡ್ರಿಲ್ಲು ಹಿಡಿದವರಿಗೆ ಯಾವುದು ಏತರದ್ದೆಂದು ತಟ್ಟಿ ನೋಡದೆಯೂ ಗೊತ್ತಾಗುತ್ತದೆ.

"ನಾನು ಆರಿಸಿದ್ದು," ಎಂದ.

"ನೀವೇನು ಕಂಡಿದ್ರಿ? ಕಾಣಬೇಕಾದವಳು ನಾನು. ಹಿಂದೆ ತಿರುಗಿ ಒಂದೇ ಒಂದ್ಸಲ ನೋಡಿದ್ರೆ ಮೊದಲ ವಾರಾನೇ ಸಿಕ್ತಿತ್ತು."

ಅವನು ಉಸಿರು ಕೂಡಿಸಿಕೊಂಡ. "ಇಪ್ಪತ್ತೆರಡು ವರ್ಷ… ನಿನ್ನ ಗೆರೆ ನೋಡ್ಕೊಂಡು ಕೊರೆದೆ. ಎಷ್ಟು ಅಳೆದೆ, ಹೇಗೆ ಅಳೆದೆ ಅಂತ… ಒಂದಿನಾ ಕೇಳ್ಲಿಲ್ಲ."

ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಎರಡೂ ಇರಬೇಕು.

"ಮೇಸ್ತ್ರಿಗೆ ಹೇಳ್ದ್ಯಾ?"

"ಯಾರಿಗೂ ಹೇಳಬೇಡಿ ಅಂದಿದಾರೆ."

"ಅವರು ಕೆಳಗೆ ಇಳಿಯಲ್ವಲ್ಲ," ಎಂದು ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಕೆಮ್ಮು ಶುರುವಾಯಿತು, ಅವಳು ಬೆನ್ನು ನೀವುತ್ತ ಕುಳಿತಳು. ಆ ವಿಷಯ ಮತ್ತೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ದೀಪದ ಕೋಣೆಗೆ ಹೋದಳು. ಇಳಿಯುವವರು ದೀಪ ಪಡೆದು, ತಮ್ಮ ನಂಬರಿನ ಬಿಲ್ಲೆಯನ್ನು ಹಲಗೆಗೆ ತೂಗುಹಾಕುವ ಜಾಗ ಅದು. ಬಿಲ್ಲೆ ಹಲಗೆಯ ಮೇಲಿದ್ದರೆ ಮನುಷ್ಯ ಕೆಳಗಿದ್ದಾನೆ. ಮೇಸ್ತ್ರಿ, ಅವನ ಐದು ಜನ, ಟೇಪಿನವ ಎಲ್ಲರೂ ಇದ್ದರು. ಎರಡು ಸಾಲಿನ ಆ ಪ್ರಾರ್ಥನೆ ಅವಳ ನಾಲಿಗೆಗೆ ಬರಲಿಲ್ಲ. ಬೇಡುವ ಬಾಯಿ ಮೊದಲು ತೊಳೆದಿರಬೇಕು ಎನಿಸಿತು.

"ಬಿಲ್ಲೆ ಹಾಕ್ಬೇಡಿ. ಇವತ್ತು ಇಳಿಯೋದು ಬೇಡ," ಎಂದಳು.

"ಯಾಕಕ್ಕ, ರಜಾನಾ?" ಎಂದ ಒಬ್ಬ.

ಟೇಪಿನವ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅಕ್ಕ, ಸೋಮವಾರ ಯಂತ್ರ ಬರ್ಲಿ. ಅದು ಹೇಳುತ್ತೆ. ನಾವ್ಯಾಕೆ ಹೇಳಬೇಕು?"

ಅವಳು ಪುಸ್ತಕವನ್ನು ಬೆಂಚಿನ ಮೇಲೆ ಬಿಡಿಸಿಟ್ಟಳು. "ಮೇಸ್ತ್ರಿ, ಇಲ್ಲಿ ನೋಡಪ್ಪ. ಈ ಬಲಗಡೆ ಅಂಕಿ ಇವೆಯಲ್ಲ, ಹಿಂದೆ ತಿರುಗಿ ನೋಡಿ ಬರೆಯೋವು. ನಾನು ತಿರುಗಿ ನೋಡಿಲ್ಲ. ಕೂತ್ಕೊಂಡು ಬರೆದಿದೀನಿ. ರಾಶಿ ಹತ್ತೋಕೆ ಆಗಲಿಲ್ಲ, ಅದಕ್ಕೆ. ಮುಳ್ಳು ಮೂರು ಡಿಗ್ರಿ ತಪ್ಪಿದೆ, ನನ್ನ ಕನ್ನಡಕದಿಂದ. ನಿಮ್ಮ ಎಡಗಡೆ ಗೋಡೆ ಮೂವತ್ತಿಲ್ಲ. ಹದಿನೇಳು ಇರಬಹುದು. ಅಷ್ಟೂ ಇಲ್ಲದೇನೂ ಇರಬಹುದು."

ಮೇಸ್ತ್ರಿ ಬಾಗಿ ಪುಸ್ತಕ ನೋಡಿದ. ಅವನಿಗೆ ಅಂಕಿ ಓದಲು ಬರುತ್ತಿತ್ತು, ಆದರೆ ನಿಧಾನ. ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಬಂದ.

"ಎಷ್ಟು ಸಲ?"

"ನಲವತ್ತೊಂದು."

"ನಲವತ್ತೊಂದೂನಾ?"

"ನಲವತ್ತೊಂದೂ."

ಹಿಂದೆ ನಿಂತವರಲ್ಲಿ ಒಬ್ಬ ನಕ್ಕ. ನಗುವಿನಂಥ ಸದ್ದು ಮಾಡಿದ ಎನ್ನಬೇಕು. "ಎಂಟು ತಿಂಗಳಿಂದ ನಮ್ಮ ಗುಂಡಿ ನಾವೇ ತೋಡ್ಕೋತಿದ್ವಿ ಅನ್ನಿ. ಗೆರೆ ಮಾತ್ರ ಚೆನ್ನಾಗಿತ್ತು."

"ಬಿಡೋ," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಸಿಟ್ಟು ಇದ್ದಿದ್ದರೆ ಗೆರೆಯಕ್ಕನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. "ಕಲ್ಲು ಬೆವರ್ತಿದೆ ಅಂತ ನಾನು ನಿನ್ನೆ ಹೇಳ್ದೆ ಅಕ್ಕ. ಮೂವತ್ತಿದೆ ಅಂದ್ರಿ. ನಾನು ಚಹಾ ಕುಡಿಯೋಕೆ ಹೋದೆ."

ಆಗ ಟೇಪಿನವ ಮುಂದೆ ಬಂದ. ಅವನ ಬಾಯಲ್ಲಿ ಜೋಕು ಇರಲಿಲ್ಲ. "ಒಬ್ಬರನ್ನೇ ಯಾಕೆ ನೋಡ್ತೀರಿ? ಬೆನ್ನು ತಿರುಗಿಸಿ ನಿಂತಿದ್ದವನು ನಾನು. ನಲವತ್ತೊಂದು ಸಲ."

ಮ್ಯಾನೇಜರ್ ಬರುವಷ್ಟರಲ್ಲಿ ಹಲಗೆ ಖಾಲಿಯಿತ್ತು. ಅವರು ಗೆರೆಯಕ್ಕನನ್ನು ನೋಡಿದರು, ಪುಸ್ತಕವನ್ನು ನೋಡಿದರು. "ನಿನ್ನೆ ನನ್ನ ಮುಂದೆ ಯಾಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದರು. ಬಾಗಿಲಿಗೆ ಒರಗಿ ಹಣೆ ಒರೆಸಿಕೊಂಡು, ಪೂರ್ವದ ಸುರಂಗ ಬಂದ್ ಎಂದು ಹಲಗೆಯ ಮೇಲೆ ತಾವೇ ಬರೆದರು.

ಅದೇ ದಿನ ಮತ್ತೆ ಅಳೆದರು. ಕನ್ನಡಕ ಬಿಟ್ಟರೆ ಅವಳಿಗೆ ಅಂಕಿ ಕಾಣದು. ಟೇಪಿನವ ನೋಡಿ ಹೇಳಿದ, ಅವಳು ಐವತ್ತು ಹೆಜ್ಜೆ ದೂರದಲ್ಲಿ ಕನ್ನಡಕ ಹಾಕಿಕೊಂಡು ಬರೆದಳು. ಅವನು ಕೂಗುವುದು, ಇವಳು ತಿರುಗಿ ಕೂಗಿ ಖಚಿತಪಡಿಸುವುದು. ಪ್ರತಿ ಮೊಳೆಗೂ ಮುನ್ನೋಟ, ಪ್ರತಿ ಮೊಳೆಗೂ ಹಿನ್ನೋಟ. ಕೊನೆಯ ರಾಶಿಯನ್ನು ಅವಳೂ ಹತ್ತಿದಳು. ನೋಡುವವನು ಅವನಾದರೂ ಮೊಳೆಯನ್ನು ಕೈಯಾರೆ ಮುಟ್ಟಿ ಬರಬೇಕೆನಿಸಿತು. ಇಳಿಯುವಾಗ, ಜೊತೆಗೆ ಬಂದಿದ್ದ ಮೇಸ್ತ್ರಿ ಕೈ ಕೊಡಲಿಲ್ಲ, ಆದರೆ ದೀಪವನ್ನು ಅವಳ ಕಾಲಿನ ಬಳಿಗೆ ಹಿಡಿದ. ಎಂಬತ್ತೇಳು, ಇನ್ನೂರ ಅರವತ್ತೇಳು. ಎಲ್ಲ ಕಡೆ ಅದೇ.

ಶನಿವಾರ ಉದ್ದನೆಯ ಸಲಾಕೆ ಜೋಡಿಸಿ ತುದಿಯ ಎಡಗೋಡೆಗೆ ಹೆಬ್ಬೆರಳು ಗಾತ್ರದ ತೂತು ಕೊರೆದು ನೋಡಿದರು. ಹದಿನೇಳು ಬರಬೇಕಿತ್ತು. ಹನ್ನೊಂದು ಮೀಟರಿಗೇ ನೀರು ಸಿಕ್ಕಿತು. ಹಳೆಯ ನಕ್ಷೆ ಬರೆದವನೂ ಎಲ್ಲೋ ಕುಳಿತುಬಿಟ್ಟಿದ್ದ. ತೂತಿನಿಂದ ನೀರು ಎದುರಿನ ಗೋಡೆಗೆ ಹೊಡೆಯಿತು, ಅರವತ್ತು ವರ್ಷದ ತುಕ್ಕಿನ ವಾಸನೆಯೊಂದಿಗೆ. ಸಿದ್ಧವಿದ್ದ ಮರದ ಬೆಣೆಯನ್ನು ಮೂವರು ಸೇರಿ ಬಡಿದು ಕೂರಿಸಿದರು. ಹೀಗೇ ಮುಂದೆ ಹೋಗಿದ್ದರೆ ಗೋಡೆ ಇನ್ನೂ ತೆಳ್ಳಗಾಗುತ್ತಿತ್ತು; ಎಷ್ಟನೆಯ ಸಿಡಿತಕ್ಕೆ ಒಡೆಯುತ್ತಿತ್ತು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಎಲ್ಲರೂ ಒದ್ದೆಯಾಗಿ ಮೇಲೆ ಬಂದರು. ಬಿಸಿಲಿನಲ್ಲಿ ಒಣಗಲು ಕುಳಿತಾಗ ಯಾರೂ ಗೆರೆಯಕ್ಕನ ಹತ್ತಿರ ಕೂರಲಿಲ್ಲ, ಯಾರೂ ದೂರವೂ ಹೋಗಲಿಲ್ಲ.

ವಿಚಾರಣೆ ನಡೆಯಿತು. ನಲವತ್ತೊಂದು ಸುಳ್ಳು ಅಂಕಿಗಳನ್ನು ಒಂದೊಂದಾಗಿ ಹೊಡೆದುಹಾಕಿ, ಒಂದೊಂದರ ಪಕ್ಕದಲ್ಲೂ ಸಹಿ ಮಾಡಿಸಿದರು. ಅವಳ ಸಹಿಯ ಕೆಳಗೆ ಟೇಪಿನವನದು. ಎರಡು ತಿಂಗಳು ಅವಳನ್ನು ಮೇಲಿನ ಕಚೇರಿಯಲ್ಲಿ ಹಳೆಯ ನಕ್ಷೆಗಳ ಧೂಳು ಒರೆಸಲು ಕೂರಿಸಿದರು. ಕೆಲಸ ಹೋಗುತ್ತದೆ ಎಂದೇ ಅವಳು ತಿಳಿದಿದ್ದಳು. ಹೋಗಲಿಲ್ಲ. ದಯೆಯಿಂದಲ್ಲ, ಆ ಕೆಲಸಕ್ಕೆ ಕರೆದರೆ ಬರುವವರು ಯಾರೂ ಇರಲಿಲ್ಲ. ದೊಡ್ಡ ಯಂತ್ರ ಬಂತು, ಅಗಲದ ಸುರಂಗಗಳಿಗೆ ಹೋಯಿತು. ಪೂರ್ವದ ಸುರಂಗದ ತುದಿಗೆ ಕಾಂಕ್ರೀಟು ಗೋಡೆ ಕಟ್ಟಿ, ಹಿಂದಿನಿಂದ ಬಲಕ್ಕೆ ತಿರುಗಿಸಿ ಹೊಸದೊಂದನ್ನು ಶುರು ಮಾಡಿದರು. ನೂರ ಐದು ಡಿಗ್ರಿಗೆ. ಆ ಇಕ್ಕಟ್ಟಿನಲ್ಲಿ ಮತ್ತೆ ಅಂಗೈಯ ದಿಕ್ಸೂಚಿಯೇ, ಮತ್ತೆ ಗೆರೆಯಕ್ಕನೇ. ಈ ಸಲ ಮೂಗಿನ ಮೇಲೆ ಪ್ಲಾಸ್ಟಿಕ್ಕು.

ಮೇಸ್ತ್ರಿ ಒಂದು ಮಾತು ಹಾಕಿದ್ದ. ಮ್ಯಾನೇಜರರ ಮುಂದೆಯೇ ಹೇಳಿದ್ದ, ಮುಚ್ಚುಮರೆ ಇಲ್ಲದೆ. "ಅಕ್ಕ ಮುಂದಕ್ಕೆ ನೋಡ್ಲಿ. ಹಿಂದಕ್ಕೆ ನಾನೇ ನೋಡ್ತೀನಿ. ಇಲ್ದಿದ್ರೆ ನಮ್ಮ ಹುಡುಗರು ಡ್ರಿಲ್ಲು ಮುಟ್ಟಲ್ಲ."

ಅವಮಾನವೆನ್ನಲು ಅವಳಿಗೆ ಏನೂ ಉಳಿದಿರಲಿಲ್ಲ. ದಿಕ್ಸೂಚಿ ಹಿಡಿಯುವುದನ್ನು ಅವಳೇ ಅವನಿಗೆ ಕಲಿಸಿದಳು. ಗಂಡ ಡ್ರಿಲ್ಲು ಕಲಿಸಿದ್ದ, ಇವಳು ಇದನ್ನು. ದೊಡ್ಡ ಕೈ, ಸಣ್ಣ ದಿಕ್ಸೂಚಿ. ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಹೊಸ ಸುರಂಗದ ಮೂರನೆಯ ಮೊಳೆಗೆ ಅವಳು ನೂರ ಐದು ಎಂದು ಬರೆದುಕೊಂಡು, ಮೇಸ್ತ್ರಿ ರಾಶಿ ದಾಟಿ ಆಚೆ ಹೋಗುವವರೆಗೆ ಕಾದಳು. ಅವಳು ಅಂಕಿ ಹೇಳುವಂತಿರಲಿಲ್ಲ. ಅವನು ಕೇಳುವಂತೆಯೂ ಇರಲಿಲ್ಲ. ಆಚೆಯಿಂದ ಬಹಳ ಹೊತ್ತು ಸದ್ದಿಲ್ಲ.

"ಆಯ್ತೇನೋ ಮೇಸ್ತ್ರಿ? ಮದುವೆಗೆ ಹೆಣ್ಣು ನೋಡ್ತಿದೀಯೋ, ಮುಳ್ಳು ನೋಡ್ತಿದೀಯೋ?" ಎಂದು ಟೇಪಿನವ ಕೂಗಿದ.

"ತಾಳು," ಎಂಬ ದನಿ ಬಂತು. ಇನ್ನಷ್ಟು ಹೊತ್ತು. "ಇನ್ನೂರ ಎಂಬತ್ತೈದು… ಅಲ್ಲ. ಇನ್ನೂರ ಎಂಬತ್ತನಾಲ್ಕೂ ಮುಕ್ಕಾಲು."

ಗೆರೆಯಕ್ಕ ಬರೆದಳು. ಅವನು ತೆವಳಿಕೊಂಡು ಈಚೆ ಬಂದು, ಕೈ ಒರೆಸಿಕೊಂಡು, ಪುಸ್ತಕವನ್ನು ಕೇಳಿದ. ಅವಳು ಕೊಟ್ಟಳು. ಎರಡು ಅಂಕಿಗಳ ಮೇಲೂ ಬೆರಳಿಟ್ಟು, ತುಟಿ ಅಲುಗಿಸುತ್ತ ಕಳೆದು ನೋಡಿದ. ತಪ್ಪಿರಬಹುದೆಂದು ಇನ್ನೊಮ್ಮೆ ಕ‌ಳೆದ. ಆಮೇಲೆ ಪುಸ್ತಕವನ್ನು ಹಿಂದಿರುಗಿಸಿ, ಗುಂಪಿನ ಕಡೆಗೆ ತಿರುಗಿ, "ತರ್ರೋ ಡ್ರಿಲ್ಲು," ಎಂದ.

ಅವರು ದಾಟಿ ಹೋಗಲೆಂದು ಅವಳು ಗೋಡೆಗೆ ಒರಗಿ ಒಂದು ಕಲ್ಲಿನ ಮೇಲೆ ಕುಳಿತಳು. ಆರು ಜನ, ಒಬ್ಬರ ಹಿಂದೆ ಒಬ್ಬರು, ಚಾವಣಿಯ ಹೊಸ ಗೆರೆ ನೋಡುತ್ತ ಮುಂದೆ ಹೋದರು. ಆರೂ ಜನರನ್ನು ಎಣಿಸಿ, ಬಣ್ಣದ ಡಬ್ಬಿಯ ಮುಚ್ಚಳ ಹಾಕಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದಳು.